ಎಲೆ ಕಳೆದ ಆಲ

"ರೀ, ಇದಕ್ಕೆ ಏನು ಹೊಡೆದ್ರಿ?"

ನರ್ಸಮ್ಮ ಕೇಳಿದ್ದು ಮೆಲ್ಲಗೇ. ಆದರೆ ಆ ಮೆಲುದನಿಯ ಹಿಂದೆ ಏನಿದೆಯೆಂಬುದು ಗಂಡನಿಗೆ ಚೆನ್ನಾಗಿ ಗೊತ್ತಿತ್ತು. ಓದುತ್ತಿದ್ದ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡ.

"ಯಾವುದಕ್ಕೆ?"

"ಮರಕ್ಕೆ."

ಬಾಲ್ಕನಿಯ ಕಟ್ಟೆಯ ಮೇಲೆ, ಊಟದ ತಟ್ಟೆಯಷ್ಟಗಲದ ಕುಂಡದಲ್ಲಿ, ಮೊಳದುದ್ದದ ಬೋನ್ಸಾಯ್ ಆಲದ ಮರ. ನರ್ಸಮ್ಮ ಎರಡು ದಿನ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಅದರ ಎಲೆಗಳ ಮೇಲೆಲ್ಲ ಎಣ್ಣೆ ಬಿದ್ದ ಕಾಗದದಂಥ ಕಲೆ ಎದ್ದಿತ್ತು. ಅಂಚುಗಳು ಸುಟ್ಟು ಕಂದುಬಣ್ಣಕ್ಕೆ ತಿರುಗಿದ್ದವು. ಒಂದೆಲೆ ಕಿತ್ತು ಮೂಸಿದಳು. ಅಡುಗೆಮನೆಯ ಸಿಂಕಿನ ಕೆಳಗಿಡುವ ಜಿರಳೆ ಸ್ಪ್ರೇಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

"ಇರುವೆ ಕಣೇ," ಎಂದ ಗಂಡ, ಪೇಪರಿನ ಹಿಂದಿನಿಂದಲೇ. "ಸಾಲುಗಟ್ಟಿ ಹತ್ತುತ್ತಿದ್ವು. ಇವತ್ತು ಸಂಜೆ ನಮ್ಮ ಹಳೇ ಸಾಹೇಬ್ರು ಬರ್ತಿದ್ದಾರೆ, ಮರ ನೋಡೋಕಂತಲೇ. ಇರುವೆ ಮುತ್ತಿರೋ ಮರ ತೋರಿಸೋಕಾಗುತ್ತಾ?"

"ಬಿಸಿಲಲ್ಲಿ ಹೊಡೆದ್ರಾ?"

"ಮಧ್ಯಾಹ್ನ ತಾನೇ ಬಿಡುವು ನಂಗೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಸಂಜೆಯವರೆಗೂ ಬಿಡುವೇ ಆಗಿರುವ ಮನುಷ್ಯ! ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆತ ಮನೆಗೇ ಮ್ಯಾನೇಜರಾಗಿದ್ದ. ಕೇಳದೆಯೇ ಅವಳ ಹೊಲಿಗೆ ಮೆಷಿನ್ನು ಬಿಚ್ಚಿ ರಿಪೇರಿ ಮಾಡಿದ್ದ, ಅದು ಇಂದಿಗೂ ಬಟ್ಟೆಯಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿದೆ. ಸರಿಯಾಗಿದ್ದದ್ದನ್ನು ಸರಿಮಾಡದಿದ್ದರೆ ಆತನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಇರುವೆ ಮರ ತಿನ್ನಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ ನಿಮಗೆ?"

ಹೇಳಿದ್ದಳು. ತಂಪು ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿಯೂ ಇದ್ದಳು. ಎಲೆಯ ಸಂದಿಯಲ್ಲಿ ಕೂತು ರಸ ಹೀರುವುದು ಬಿಳಿ ಹಿಟ್ಟು ತಿಗಣೆ. ಅದು ಬಿಡುವ ಅಂಟುಸಿಹಿಗೆ ಬಾಯಿ ಹಾಕಲು ಬರುವುದಷ್ಟೇ ಇರುವೆಯ ಕೆಲಸ. ಇರುವೆಯೇ ಅವಳ ಪತ್ತೇದಾರ. ಸಾಲು ಎಲ್ಲಿ ಹೋಗಿ ನಿಲ್ಲುತ್ತದೋ ನೋಡಿಕೊಂಡು, ತಾನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಯಲ್ಲಿ ಮೂಲೆಗೆ ಬಿದ್ದ, ಹಲ್ಲು ಕೆರೆಯುವ ಕೊಕ್ಕೆ ಸರಳಿನಿಂದ ತಿಗಣೆಗಳನ್ನು ಒಂದೊಂದಾಗಿ ಎಬ್ಬಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದಳು. ಅದಾದ ಮೇಲೆ ಇರುವೆಗಳು ತಾವಾಗಿಯೇ ಇಳಿದುಹೋಗುತ್ತಿದ್ದವು.

ಈಗ ಕೊಂಬೆಯ ಕವಲನ್ನು ಬಿಡಿಸಿ ನೋಡಿದಳು. ತಿಗಣೆಗಳ ಸಂಸಾರ ಒಳಗೆ ಬೆಚ್ಚಗೆ ಕೂತಿತ್ತು. ಸತ್ತದ್ದು ಇರುವೆಗಳು, ಸುಟ್ಟದ್ದು ಎಲೆಗಳು. ಕಳ್ಳನನ್ನು ಬಿಟ್ಟು ದೂರು ಕೊಟ್ಟವನನ್ನು ಹೊಡೆದ ಹಾಗಾಗಿತ್ತು.

ಮೊದಲು ಕೆಲಸಕ್ಕಿದ್ದ ಊರಿನ ಆಸ್ಪತ್ರೆಯ ಹಿಂದಿನ ಮೋರಿಗೋಡೆಯ ಬಿರುಕಿನಲ್ಲಿ ಎರಡೆಲೆಯ ಸಸಿಯಾಗಿದ್ದಾಗ ಅದನ್ನು ತಂದವಳು ಅವಳು. ಗಂಡನಿಗೆ ವರ್ಗವಾದಾಗಲೆಲ್ಲ ಲಾರಿಗೆ ಹಾಕಲು ಒಪ್ಪದೆ ತೊಡೆಯ ಮೇಲಿಟ್ಟುಕೊಂಡು ಬಂದವಳೂ ಅವಳೇ. ಮನೆಗೆ ಯಾರಾದರೂ ಬಂದರೆ ಮಾತ್ರ ಆತ ಕುಂಡದ ಮೇಲೆ ಕೈಯಿಟ್ಟು, "ಇದನ್ನ ಬೆಳೆಸೋಕೆ ತಾಳ್ಮೆ ಬೇಕು ಸಾರ್," ಎನ್ನುತ್ತಿದ್ದ. ಅವಳು ಕಾಫಿ ತಂದಿಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಹಾಗೆ ಒಳಗೆ ಹೋದದ್ದೆಲ್ಲ ನೆನಪಾಗಿ ಈಗ ತನ್ನ ಮೇಲೂ ಸಿಟ್ಟು ಬಂತು.

ಕತ್ತರಿ ತಂದಳು. ಎಲೆಯನ್ನೆಲ್ಲ ತೆಗೆದು, ಕೊಂಬೆಗಳನ್ನು ಸೋಪಿನ ನೀರಿನಲ್ಲಿ ತೊಳೆದರೆ ಮರ ಹೊಸದಾಗಿ ಚಿಗುರೀತು. ಸ್ಪ್ರೇಯ ಎಣ್ಣೆ ಇನ್ನೊಂದು ದಿನ ಮೈಮೇಲಿದ್ದರೆ ಕಡ್ಡಿಗಳೂ ಒಣಗುತ್ತವೆ.

ಕತ್ತರಿ ಕಂಡದ್ದೇ ಪೇಪರು ಕೆಳಗೆ ಬಿತ್ತು. "ಏ, ಏ, ಈಗ ಬೇಡ! ಇನ್ನೇನು ಬಂದ್ಬಿಡ್ತಾರೆ. ಅವರು ಹೋದ್ಮೇಲೆ ಏನು ಬೇಕಾದ್ರೂ ಮಾಡ್ಕೋ. ನೋಡು, ಈ ಕಡೆ ಎಲೆ ಚೆನ್ನಾಗೇ ಇದೆ." ಓಡಿಬಂದು ಕುಂಡವನ್ನು ತಿರುಗಿಸಿಟ್ಟ. "ಹೀಗಿಟ್ರೆ ಯಾರಿಗೂ ಗೊತ್ತಾಗಲ್ಲ."

"ಮರಕ್ಕೆ ಗೊತ್ತಾಗುತ್ತೆ. ಕೈ ತೆಗೀರಿ."

"ಒಂದು ಗಂಟೆ ತಡೆದ್ರೆ ಗಂಟೇನು ಹೋಗುತ್ತೆ ನಿಂದು?"

"ಕೈ ತೆಗೀರಿ ಅಂದೆ!"

ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಕಿರುಚಿದ್ದು ಅದೇ ಮೊದಲು. ಆತ ಕೈ ತೆಗೆದ. ಅವಳು ತೊಟ್ಟನ್ನಷ್ಟೇ ಉಳಿಸಿ ಒಂದೊಂದೇ ಎಲೆ ಕತ್ತರಿಸತೊಡಗಿದಳು, ಸುಟ್ಟದ್ದನ್ನೂ, ಚೆನ್ನಾಗಿದ್ದದ್ದನ್ನೂ. ತಪ್ಪಿ ಒಂದು ಎಳೆ ಕೊಂಬೆಯೇ ತುಂಡಾದಾಗ ಅಳು ಉಕ್ಕಿ ಬಂತು. ಅದನ್ನೂ ಸಿಟ್ಟಿನಿಂದಲೇ ನುಂಗಿಕೊಂಡಳು.

ಅರ್ಧ ಮರ ಬೋಳಾಗುವಷ್ಟರಲ್ಲಿ ಬೆಲ್ ಆಯಿತು. ಸಾಹೇಬರು ದೊಡ್ಡ ನಗುವಿನೊಂದಿಗೆ ನೇರ ಬಾಲ್ಕನಿಗೇ ಬಂದರು. ಹಿಂದೆ ಅವರ ಹೆಂಡತಿ. ನೆಲದ ತುಂಬ ಎಲೆ, ಕುಂಡದಲ್ಲಿ ಅಸ್ಥಿಪಂಜರ. ಸಾಹೇಬರ ನಗು ಅರ್ಧಕ್ಕೇ ನಿಂತಿತು.

"ಇದೇನ್ರೀ, ನಿಮ್ಮ ಮರ ಹೀಗಾಗಿದೆ?"

ಗಂಡ ಗಂಟಲು ಸರಿಮಾಡಿಕೊಂಡ. "ಅದು ನಮ್ಮ ಮನೆಯವಳದ್ದು ಸಾರ್. ನಾನು ಅದರ ತಂಟೆಗೇ ಹೋಗಲ್ಲ. ಅವಳೇ ಏನೋ ಮಾಡ್ಕೊಂಡಿದ್ದಾಳೆ."

ಕತ್ತರಿ ನಿಂತಿತು. ನರ್ಸಮ್ಮ ತಲೆಯೆತ್ತಿ ಮೊದಲು ಗಂಡನನ್ನು ನೋಡಿದಳು, ಆಮೇಲೆ ಸಾಹೇಬರನ್ನು.

"ಹೌದು ಸಾರ್, ನನ್ನದೇ. ಚಿಗುರಿದ ಮೇಲೂ ನನ್ನದೇ. ಆಗಲೂ ಹೀಗೇ ಹೇಳೋಕೆ ಇವರಿಗೆ ಸ್ವಲ್ಪ ಹೇಳಿಹೋಗಿ."

ಸಾಹೇಬರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು, ನಗು ತಡೆಯಲೋ ಏನೋ. ಗಂಡ ಕಾಫಿಯೆಂದು ಏನೋ ಗೊಣಗಿ ನರ್ಸಮ್ಮನ ಕಡೆ ನೋಡಿದ, ಅವಳು ಅಲುಗದ್ದು ಕಂಡು ತಾನೇ ಅಡುಗೆಮನೆಗೆ ನಡೆದ. ಒಳಗೆ ಒಂದು ಡಬ್ಬಿ ತೆರೆದ ಸದ್ದು, ಮುಚ್ಚಿದ ಸದ್ದು, ಮತ್ತೊಂದು ತೆರೆದ ಸದ್ದು.

ಸಕ್ಕರೆ ಎಲ್ಲಿದೆಯೆಂದು ಅವಳು ಹೇಳಲಿಲ್ಲ. ಕತ್ತರಿಸಿದ ತೊಟ್ಟುಗಳ ತುದಿಯಲ್ಲೆಲ್ಲ ಬಿಳಿ ಹಾಲು ಜಿನುಗುತ್ತಿತ್ತು. ಉಳಿದ ಎಲೆಗಳು ತನ್ನ ಕಡೆಗೆ ಬರುವಂತೆ ಕುಂಡವನ್ನು ತಿರುಗಿಸಿಕೊಂಡಳು.