ಹೊಗೆಯಕ್ಕ

ಮುಚ್ಚಿದ ಬಾಗಿಲು ಕಂಡರೆ ಆಕೆ ನಿಂತುಬಿಡುತ್ತಿದ್ದರು. ಬಾಗಿ, ಹೊಸ್ತಿಲ ಮೇಲಿನ ಸಂದಿಗೆ ಮುಂಗೈ ಹಿಡಿದು, ಗಾಳಿ ಯಾವ ಕಡೆಗೆ ಸರಿಯುತ್ತಿದೆಯೆಂದು ತಿಳಿದುಕೊಂಡ ಮೇಲೆಯೇ ತಟ್ಟುವುದು. ನನ್ನ ಕೋಣೆಗೆ ಮೊದಲ ಸಲ ಬಂದದ್ದೂ ಹಾಗೆಯೇ. ಬಾಗಿಲಡಿ ನೆರಳಾಡಿದ್ದು ಕಂಡು, ಕಳ್ಳರೋ ನೆಂಟರೋ ಎಂದು ನಾನೇ ಎದ್ದು ಬಾಗಿಲು ತೆರೆದಿದ್ದೆ.

ನಮ್ಮ ಆಸ್ಪತ್ರೆಯ ಹಿಂಬದಿಯಲ್ಲಿ ಮಾರಕ ರೋಗಾಣುಗಳ ಪರೀಕ್ಷೆಗೆಂದು ಹೊಸ ಪ್ರಯೋಗಾಲಯವೊಂದು ಎದ್ದಿತ್ತು. ಅದು ಸುರಕ್ಷಿತವೆಂದು ಪ್ರಮಾಣಪತ್ರ ಕೊಡಲು ಬಂದ ಎಂಜಿನಿಯರ್ ಆಕೆ. ಬಾಗಿಲ ಸಂದಿಯಿಂದ ಗಾಳಿ ಸದಾ ಒಳಕ್ಕೇ ಹರಿಯಬೇಕು, ಹೊರಕ್ಕೆ ಎಂದೂ ನುಸುಳಬಾರದು. ಅದನ್ನು ಕಣ್ಣಾರೆ ಕಾಣಲು ಗಾಜಿನ ನಳಿಗೆಯಿಂದ ನೂಲಿನೆಳೆಯಷ್ಟು ಬಿಳಿ ಹೊಗೆ ಬಿಡುತ್ತಿದ್ದುದರಿಂದ ನಮ್ಮವರ ಬಾಯಲ್ಲಿ ಆಕೆ ‘ಹೊಗೆಯಕ್ಕ’ನಾದರು. ಮೊಣಕಾಲು ಮುಟ್ಟುವ ಮಣ್ಣುಬಣ್ಣದ ಕೋಟು. ಅದರ ಜೇಬುಗಳಲ್ಲಿ ಟಾರ್ಚು, ಸ್ಕ್ರೂಡ್ರೈವರು, ಹುರಿಗಡಲೆಗಳ ಸಹಬಾಳ್ವೆ. ಮಾತುಮಾತಿಗೂ ‘ನೋಡೋಣ’. “ಊಟ ಆಯ್ತಾ ಅಕ್ಕಾ?” ಎಂದರೂ, “ಆಗಿದೆ ಅನ್ಸುತ್ತೆ, ನೋಡೋಣ” ಎನ್ನುವರು.

ಆ ವರ್ಷ ಊರಲ್ಲಿ ಮಾರಕವಾದ ಅಂಟುಜ್ವರವೊಂದು ಹಬ್ಬಿತ್ತು. ರಕ್ತದ ಮಾದರಿ ವಿಮಾನವೇರಿ ಪರದೇಶಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ರೋಗಿ ಎದ್ದು ಮನೆ ಸೇರಿರುತ್ತಿದ್ದ, ಇಲ್ಲವೇ ಮಣ್ಣು ಸೇರಿರುತ್ತಿದ್ದ. ಜ್ವರದ ವಾರ್ಡಿನ ವೈದ್ಯನಾದ ನಾನು ಆ ಪ್ರಯೋಗಾಲಯದ ಬಾಗಿಲು ತೆರೆಯುವುದನ್ನೇ ಚಾತಕಪಕ್ಷಿಯಂತೆ ಕಾಯುತ್ತಿದ್ದೆ.

ಕೊನೆಯ ಪರೀಕ್ಷೆಯ ದಿನ ಆಕೆ, “ಕರೆಂಟ್ ತೆಗೀರಿ” ಎಂದರು. ಕಟ್ಟಡ ಗಪ್‌ಚಿಪ್ಪಾಯಿತು. ಜನರೇಟರು ಎಚ್ಚೆತ್ತುಕೊಳ್ಳುವ ಮೊದಲಿನ ಗಳಿಗೆಯಲ್ಲಿ, ಒಳಗೆ ಸೆಳೆಯಲ್ಪಡುತ್ತಿದ್ದ ಹೊಗೆಯ ಎಳೆ ತಡವರಿಸಿ, ಹಿಂದಿರುಗಿ, ಆಕೆಯ ಮುಖಕ್ಕೇ ತಗುಲಿತು.

ನಮ್ಮ ನಿರ್ದೇಶಕರು ಅಂಗಲಾಚಿದರು: “ಒಂದು ಉಸಿರಿನಷ್ಟು ಹೊತ್ತು, ಅಷ್ಟೇ ತಾನೇ? ಹೊರಗೆ ಜನ ಸಾಯ್ತಿದ್ದಾರಮ್ಮ.”

“ಗೊತ್ತು ಸರ್. ಆದ್ರೆ ರೋಗ ಅಂಟೋಕೂ ಒಂದೇ ಉಸಿರು ಸಾಕಲ್ವಾ?”

ಇಂಥ ಅಧಿಕಾರಿಗಳು ‘ಆಗದು’ ಎಂದು ಬರೆದು ವಿಮಾನ ಹತ್ತುವುದು ವಾಡಿಕೆ. ಈಕೆ ಟಿಕೆಟ್ಟು ರದ್ದುಮಾಡಿಸಿ, ತಮ್ಮೂರಲ್ಲಿದ್ದ ತುಂಬುಬಸುರಿ ಮಗಳಿಗೆ ಫೋನು ಮಾಡಿದರು. “ಆಗಲ್ಲ ಅಂತ ಹೇಳಿ ಬಂದ್ಬಿಟ್ರೆ ಇವರ ಪಾಡೇನು ಮಗಳೇ?” ಎಂಬಷ್ಟು ನನ್ನ ಕಿವಿಗೆ ಬಿತ್ತು. ಅತ್ತಣ ಉತ್ತರ ಕೇಳಿಸಲಿಲ್ಲ. ಆಕೆ ಮಾತ್ರ ಕಣ್ಣೊರೆಸಿಕೊಂಡು ನಕ್ಕರು.

ವಿದ್ಯುತ್ತು ಹೋದಾಗ ಗಾಳಿಯನ್ನು ಹೊರಗೆಳೆಯುವ ಫ್ಯಾನು ತಟ್ಟನೆ ನಿಲ್ಲುತ್ತಿತ್ತು, ಒಳತಳ್ಳುವ ಫ್ಯಾನು ಹಳೆಯ ಓಟದಲ್ಲಿ ಇನ್ನಷ್ಟು ಸುತ್ತುತ್ತಿತ್ತು. ತನ್ನ ಭಾರಕ್ಕೆ ತಾನೇ ಬಿದ್ದು, ಗಾಳಿ ಒಳಬರುವ ಕೊಳವೆಯನ್ನು ಮುಚ್ಚುವ ಮುಚ್ಚಳವೊಂದು ಬೇಕಾಗಿತ್ತು. ನಮ್ಮೂರಿನ ತಗಡಿನ ಕೆಲಸದವನು ಮಾಡಿಕೊಟ್ಟ ಮೊದಲನೆಯದು ಸಿಕ್ಕಿಕೊಂಡಿತು. ಎರಡನೆಯದು ಹೇಳಿ ಮಾಡಿಸಿದಂತೆ ಕೂತಿತು. ಮತ್ತೆ ಕರೆಂಟು ತೆಗೆದರು. ಹೊಗೆ ಒಂದಿಷ್ಟು ತೂಗಾಡಿ, ಒಳಗೇ ಹೋಯಿತು. ನಾವು ಚಪ್ಪಾಳೆ ತಟ್ಟುತ್ತಿರುವಾಗಲೇ ಆಕೆ ನಳಿಗೆಯನ್ನು ನಮ್ಮ ತಂತ್ರಜ್ಞೆಯ ಕೈಗಿತ್ತು, “ಈಗ ನೀನು ಮಾಡು. ಮುಂದಿನ ವರ್ಷ ನನ್ನನ್ನೇ ಕರೆಸಿದ್ರೆ, ಅದು ನನ್ನ ಸೋಲು” ಎಂದರು.

ಪ್ರಮಾಣಪತ್ರಕ್ಕೆ ಸಹಿ ಹಾಕಿ ಆಕೆ ಹೊರಟ ಮರುದಿನ ನನ್ನ ವಾರ್ಡಿನ ಬಾಣಂತಿಯೊಬ್ಬಳ ರಕ್ತ ಒಳಗೆ ಹೋಯಿತು. ಸಂಜೆಗೆ ಉತ್ತರ ಬಂತು. ಆ ಜ್ವರವಲ್ಲ. ಗಾಜಿನಾಚೆ ಅಜ್ಜಿಯ ತೋಳಿನಲ್ಲಿ ಅಳುತ್ತಿದ್ದ ಕೂಸನ್ನು ನಾನೇ ತಂದು ಅವಳ ಮಡಿಲಿಗೆ ಹಾಕಿದೆ.

ಲೋಕ ‘ಆಗಲಿ’ ಎನ್ನುವವರನ್ನು ಹೊಗಳುತ್ತದೆ, ‘ಆಗದು’ ಎನ್ನುವವರಿಗೆ ಅಂಜುತ್ತದೆ. ‘ಇನ್ನೂ ಆಗಿಲ್ಲ’ ಎಂದು ಹೇಳಿ, ಆಗುವವರೆಗೆ ನಮ್ಮ ಜೊತೆಗೇ ನಿಲ್ಲುವವರು ಅಪರೂಪ. ಅಂಥವರು ನಮ್ಮ ಅವಸರವನ್ನು ನಿಷ್ಠುರವಾಗಿ ತಡೆಯುತ್ತಾರೆ, ನಾವು ಗೊಣಗುತ್ತೇವೆ; ಆಮೇಲೆ ನಿರ್ಭಯವಾಗಿ ಉಸಿರಾಡುತ್ತೇವೆ.