ಪರೀಕ್ಷಕರ ಬನ್

ವಿಯೆನ್ನಾದ ಕುದುರೆಗಾಡಿಯವರಲ್ಲಿ ಅಡ್ಡಹೆಸರಿಲ್ಲದವನು ಗಾಡಿಯವನೇ ಅಲ್ಲ. ಲೈಸೆನ್ಸ್ ಸರ್ಕಾರದ್ದು, ಹೆಸರು ಮಾತ್ರ ದೊಡ್ಡ ಚರ್ಚಿನ ಎದುರಿನ ಸ್ಟ್ಯಾಂಡಿನವರಾದ ನಮ್ಮದು. ನನ್ನನ್ನು ರೇಡಿಯೋ ಎನ್ನುತ್ತಾರೆ. ಯಾಕೆಂದು ನಿಮಗೆ ಇಷ್ಟರಲ್ಲೇ ಗೊತ್ತಾದೀತು. ಅಂಥ ನನ್ನನ್ನು ಬುರ್ಗಿಯ ಲೈಸೆನ್ಸ್ ಪರೀಕ್ಷೆಯ ದಿನ ಅವಳ ಪಕ್ಕ ಕೂರಿಸಿದರು. ಹಳಬನೊಬ್ಬ ಜೊತೆಗಿರಲಿ, ಆದರೆ ಬಾಯಿ ಬಿಟ್ಟರೆ ಹುಡುಗಿ ಫೇಲು ಎಂದರು.

ಬುರ್ಗಿ, ಹೋದ ಶರತ್ಕಾಲದಲ್ಲಿ ತೀರಿಕೊಂಡ ಅಲೋಯಿಸನ ಮೊಮ್ಮಗಳು. ಅವನು ಅವಳಿಗೆ ಬಿಟ್ಟುಹೋದದ್ದು ಒಂದು ಗಾಡಿ, ಮೋರಿಟ್ಸ್ ಮತ್ತು ಪೆಪಿ ಎಂಬ ಎರಡು ಕುದುರೆ. ಮಾರ್ಚಿನಲ್ಲೊಮ್ಮೆ ಅವಳು ಪರೀಕ್ಷೆಯಲ್ಲಿ ಬಿದ್ದಿದ್ದಳು. ಓಡಿಸಿದ್ದೇನೋ ಚೆನ್ನಾಗಿಯೇ. ಆದರೆ ದಾರಿಯ ಅರಮನೆ, ಮ್ಯೂಸಿಯಮ್ಮುಗಳ ಬಗ್ಗೆಯೂ ಹೇಳಬೇಕಲ್ಲ. ಇಸವಿ ಕೇಳಿದೊಡನೆ ನಾಲಿಗೆ ಒಣಗಿ, ಅರಮನೆಯ ಬಾಗಿಲಲ್ಲೇ ಪರೀಕ್ಷೆ ಮುಗಿದಿತ್ತು. ಈ ಸಲವೂ ಬಿದ್ದರೆ ಕುದುರೆಗಳನ್ನು ಲಿಂಟ್ಸ್ ಊರಿನ ಒಬ್ಬನಿಗೆ ಮಾರುವುದೆಂದು ಅವಳಮ್ಮ ತೀರ್ಮಾನಿಸಿಬಿಟ್ಟಿದ್ದಳು.

ಪರೀಕ್ಷಕರು ಪ್ರಿಂಡ್ಲ್ ಎಂಬ ಒಣಕಲು ಮನುಷ್ಯ. ಮಂಡಿಯ ಮೇಲೆ ಚರ್ಮದ ಚೀಲ, ಕೈಯಲ್ಲಿ ಪೆನ್ಸಿಲ್ಲು. ಅರಮನೆ ಹೇಗೋ ದಾಟಿತು. ಎರಡು ಇಸವಿ ಸರಿ, ಒಂದು ತಪ್ಪು. ಹಿಂದಿನಿಂದ ಪೆನ್ಸಿಲ್ ಗೀಚುವ ಸದ್ದು ಬಂದಾಗಲೆಲ್ಲ ಬುರ್ಗಿಯ ಕಿವಿ ಕೆಂಪಾಗುತ್ತಿತ್ತು. ಆಮೇಲೆ ವರ್ತುಲ ರಸ್ತೆ, ಎದುರುಬದುರು ನಿಂತ ಅವಳಿ ಮ್ಯೂಸಿಯಮ್ಮುಗಳು. ನಿಲ್ಲಿಸದೆ ಹೋಗುತ್ತಲೇ ಹೇಳಬೇಕು ಎಂದರು ಪ್ರಿಂಡ್ಲ್.

ಕುದುರೆಗಳು ನಿಂತುಬಿಟ್ಟವು.

ಯಾಕೆಂದು ನನಗೆ ಗೊತ್ತು. ಮೂರು ಚಳಿಗಾಲದ ಹಿಂದಿನವರೆಗೂ ಆ ಮೂಲೆಯಲ್ಲಿ ಅಲೋಯಿಸನ ಹೆಂಡತಿ ಹೆರ್ಮಿ ಚೆಸ್ಟ್‌ನಟ್ ಹುರಿದು ಮಾರುತ್ತಿದ್ದಳು. ಅವಳ ಕೈಯ ರೊಟ್ಟಿಚೂರು ತಿನ್ನದೆ ಕುದುರೆಗಳು ಮುಂದೆ ಹೋಗುತ್ತಿರಲಿಲ್ಲ. ಅವಳು ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಅಲೋಯಿಸನೇ ಜೇಬಿನಲ್ಲಿ ರೊಟ್ಟಿ ತಂದು ಅಲ್ಲೇ ಇಳಿದು ತಿನ್ನಿಸುತ್ತಿದ್ದ. ಬುರ್ಗಿ ಅಭ್ಯಾಸ ಮಾಡಿದ್ದೆಲ್ಲ ಊರಾಚೆಯ ತೋಪಿನಲ್ಲಿ. ಹೊರಡುವಾಗ ಈ ಮೂಲೆ ಅವಳಿಗೂ ನೆನಪಾಗಲಿಲ್ಲ, ನನಗೂ ಇಲ್ಲ.

ಲಗಾಮು ಅಲ್ಲಾಡಿಸಿದಳು, ನಾಲಿಗೆ ಲೊಚಗುಟ್ಟಿದಳು. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಒತ್ತಿಹಿಡಿದ. ನಾನು ತುಟಿ ಕಚ್ಚಿಕೊಂಡೆ.

"ಯಾಕೆ ನಿಂತ್ವು?" ಪ್ರಿಂಡ್ಲ್ ಕೇಳಿದರು.

ಮ್ಯೂಸಿಯಂ ತೋರಿಸೋಕೆ ನಾನೇ ನಿಲ್ಲಿಸಿದೆ ಎಂದು ಬುರ್ಗಿ ಅನ್ನಬಹುದಿತ್ತು. ಅನ್ನಲಿಲ್ಲ.

"ರೊಟ್ಟಿ ಬೇಕಂತೆ ಸಾರ್. ಇಲ್ಲಿ ನಮ್ಮಜ್ಜಿ ಚೆಸ್ಟ್‌ನಟ್ ಹುರೀತಿದ್ರು. ಎಪ್ಪತ್ತೊಂದನೇ ಇಸವಿ, ನವೆಂಬರ್ ಮೊದಲ್ನೇ ಶನಿವಾರ ಒಲೆ ಹಚ್ಚಿದ್ದು."

ಒಂದು ಇಸವಿ ಬಾಯಿಂದ ಬಿತ್ತು ನೋಡಿ, ಉಳಿದವು ಅದರ ಬಾಲ ಹಿಡಿದುಕೊಂಡು ಬಂದವು. ಅಜ್ಜ ಮೊದಲ ಚೆಸ್ಟ್‌ನಟ್ಟಿಗೇ ನಾಲಿಗೆ ಸುಟ್ಟುಕೊಂಡದ್ದು, ಮರುವರ್ಷ ಮದುವೆ. ಅಜ್ಜಿಯ ಬೆನ್ನಿಗಿದ್ದ, ಸತ್ತ ಪ್ರಾಣಿಗಳ ಮ್ಯೂಸಿಯಂ ತೆರೆದದ್ದು ಸಾವಿರದ ಎಂಟುನೂರ ಎಂಬತ್ತೊಂಬತ್ತು. ಎದುರಿನ ಚಿತ್ರಗಳದ್ದು ಅದಾದ ಎರಡು ವರ್ಷಕ್ಕೆ. ಮಳೆ ಬಂದರೆ ಅಜ್ಜಿ ಯಾವ ಕಮಾನಿನಡಿ ನಿಲ್ಲುತ್ತಿದ್ದಳು ಅನ್ನುವವರೆಗೂ ಹೇಳಿದಳು. ಪೆನ್ಸಿಲ್ ಸುಮ್ಮನಿತ್ತು.

"ಚಾಟಿ ಇದೆಯಲ್ಲ ನಿಮ್ಮ ಹತ್ರ," ಎಂದರು ಪ್ರಿಂಡ್ಲ್.

"ಇದೆ ಸಾರ್. ಅವೇನು ತಪ್ಪು ಮಾಡಿಲ್ವಲ್ಲ. ರೊಟ್ಟಿ ಮರೆತು ಬಂದವಳು ನಾನು." ಆಮೇಲೆ ಮೆಲ್ಲಗೆ, "ನಿಮ್ಮ ಚೀಲದಲ್ಲಿ ಏನಾದ್ರೂ ಇದೆಯಾ?"

ಇಪ್ಪತ್ತೆಂಟು ವರ್ಷದಲ್ಲಿ ಪರೀಕ್ಷಕರ ಬುತ್ತಿ ಕೇಳಿದವರನ್ನು ನಾನು ಕಂಡಿಲ್ಲ. ಕಥೆ ಮುಗಿಯಿತು ಅಂದುಕೊಂಡೆ. ಪ್ರಿಂಡ್ಲ್ ಚೀಲ ತೆರೆದರು, ಕಾಗದ ಬಿಚ್ಚಿದರು. ಬನ್ನಿನೊಳಗಿನ ಸಾಸೇಜಿನ ತುಂಡು ತೆಗೆದು ತಮ್ಮ ಬಾಯಿಗೆ ಹಾಕಿಕೊಂಡು, ಬನ್ನನ್ನು ಎರಡಾಗಿ ಮುರಿದು, ತಾವೇ ಇಳಿದು ತಿನ್ನಿಸಿದರು. ತಿಂದದ್ದೇ ತಡ ಎರಡೂ ಹೊರಟವು. ಪಾಪ, ಅವರು ಓಡಿಬಂದು ಮೆಟ್ಟಿಲು ಹಿಡಿಯಬೇಕಾಯಿತು.

ಸ್ಟ್ಯಾಂಡಿಗೆ ಬಂದ ಮೇಲೆ ಬಹಳ ಹೊತ್ತು ಏನೋ ಬರೆದರು. ಕೊನೆಗೆ ಕಾಗದ ಹರಿದು ಬುರ್ಗಿಯ ಕೈಗಿಟ್ಟರು.

"ನಿಲ್ಲಿಸಬೇಡಿ ಅಂದ್ರೂ ಗಾಡಿ ನಿಂತಿದ್ದಕ್ಕೆ ಮಾರ್ಕ್ಸ್ ಕಳೆದಿದೀನಿ. ಆದ್ರೂ ಪಾಸು. ನಾಳೆಯಿಂದ ರೊಟ್ಟಿ ನೀವೇ ತನ್ನಿ. ನಂಗೆ ಹಸಿವಾಗ್ತಿದೆ."

ಅವರು ಮೂಲೆ ತಿರುಗುವವರೆಗೆ ತಡೆದೆ. ಆಮೇಲೆ ಬಾಯಿ ಬಿಟ್ಟವನು ನಾಲ್ಕು ಗಾಡಿಯವರಿಗೆ ನಾಲ್ಕು ಸಲ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕು, ಬುರ್ಗಿಗೆ 'ಬನ್' ಎಂದು ಹೆಸರಿಟ್ಟರು.

"ಬೇರೆ ಸಿಗ್ಲಿಲ್ವಾ ಮಾಮ?" ಎಂದಳು.

"ಚೌಕಾಶಿ ಇಲ್ಲ ಕಣೆ. ನಾನು ರೇಡಿಯೋ ಅನ್ನಿಸಿಕೊಂಡಿಲ್ವಾ?"

ಬನ್ ನಗುತ್ತಾ ಮತ್ತೆ ಗಾಡಿ ಹತ್ತಿದಳು. ಮೊದಲು ಬೇಕರಿಗೆ, ಅಲ್ಲಿಂದ ಮನೆಗೆ ಹೋಗಿ ಅಜ್ಜಿಯನ್ನು ಕೂರಿಸಿಕೊಂಡು ಆ ಮೂಲೆಗೆ.