ಮಿತಿಯೊಳಗಿನ ಭಾರ

ಆ ಶಾಲೆಯಲ್ಲಿ ಆಪ್ತ ಸಮಾಲೋಚನೆ ಅನ್ನುವುದು ಒಂದು ಬೋರ್ಡು, ಅಷ್ಟೆ. ತಪಾಸಣೆಯವರು ಬರುತ್ತಾರೆಂದು ಆಟದ ಸಾಮಾನಿನ ಕೋಣೆಯ ಬಾಗಿಲ ಮೇಲೆ ಅವಸರದಲ್ಲಿ ಬರೆಸಿದ್ದು. ಬಣ್ಣ ಒಣಗುವಷ್ಟರಲ್ಲಿ ಅವರು ನೋಡಿ, ಮೆಚ್ಚಿ, ಹೊರಟೂ ಹೋಗಿದ್ದರು. ಒಳಗೆ ಗಾಳಿ ಹೋದ ಚೆಂಡುಗಳು, ಹರಿದ ಬಲೆ, ಕುಂಟುವ ಬೆಂಚು. ಯಾರೋ ತರಲೆಗಳು ‘ಆಪ್ತ’ಕ್ಕೆ ಗೀಟೆಳೆದು ಮೇಲೆ ಸೀಮೆಸುಣ್ಣದಲ್ಲಿ ‘ಲುಪ್ತ’ ಎಂದು ತಿದ್ದಿದ್ದರು. ಇಡೀ ಶಾಲೆಯಲ್ಲಿ ತಪ್ಪಿಲ್ಲದ ತಿದ್ದುಪಡಿ ಅದೊಂದೇ.

ಹತ್ತನೇ ತರಗತಿಯ ಆ ಹುಡುಗಿ ಮಾತ್ರ ಗೀಟಿನ ಕೆಳಗಿದ್ದ ಅಕ್ಷರವನ್ನೇ ನಂಬಿದಳು.

ತರಗತಿಯಲ್ಲಿ ಅವಳ ಹೆಸರು ಮ್ಯೂಟ್. ಹೋದ ವರ್ಷ ಬಾಯಿ ಮುಚ್ಚದೆ ಬೈಸಿಕೊಂಡವಳು, ಈ ವರ್ಷ ಬಾಯಿ ಬಿಡದೆ ಬೈಸಿಕೊಳ್ಳುತ್ತಿದ್ದಳು. “ಏ ಮ್ಯೂಟು, ರಿಮೋಟ್ ಎಲ್ಲಿಟ್ಟಿದೀಯೇ?” ಎಂದು ಹಿಂದಿನ ಬೆಂಚು ನಗುತ್ತಿತ್ತು. ಅವಳಿಗೂ ಗೊತ್ತಿದ್ದರೆ ಹೇಳುತ್ತಿದ್ದಳೇನೋ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆಯ ಮೇಲೆ ಏನೋ ಕೂತಿರುತ್ತಿತ್ತು. ಹಲ್ಲುಜ್ಜಿದರೂ ಏಳುತ್ತಿರಲಿಲ್ಲ, ಬಸ್ಸು ಹತ್ತಿದರೆ ಟಿಕೆಟ್ಟಿಲ್ಲದೆ ಜೊತೆಗೇ ಬರುತ್ತಿತ್ತು.

ಅಮ್ಮ ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು. “ಏನೇ ಕಮ್ಮಿ ಆಗಿದೆ ನಿಂಗೆ?” ಎಂದು ಕೇಳುತ್ತಿದ್ದಳು. ಬೈಗುಳವಲ್ಲ, ನಿಜವಾಗಿಯೂ ಕೇಳುತ್ತಿದ್ದಳು. “ಕಮ್ಮಿ ಅಲ್ಲಮ್ಮ, ಏನೋ ಜಾಸ್ತಿ ಆಗಿದೆ” ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅಮ್ಮನಿಗೆ ಕೂತಲ್ಲೇ ಜೊಂಪು. ಯಾರಾದರೂ ಒಬ್ಬರು ಎಚ್ಚರವಿದ್ದು ಕೇಳಿಸಿಕೊಂಡರೆ ಸಾಕಿತ್ತು ಅವಳಿಗೆ.

ಬೋರ್ಡಿನ ಹಿಂದೆ ಇದ್ದವರು ಡ್ರಿಲ್ ಮೇಷ್ಟ್ರು. ಸದಾ ಕೊರಳಲ್ಲಿ ಸೀಟಿ, ಆದ್ದರಿಂದ ಸೀಟಿ ಸರ್. ಆಸ್ಪತ್ರೆಯ ಸಿ.ಟಿ. ಸ್ಕ್ಯಾನು ತಲೆಯ ಒಳಗಿರುವುದನ್ನು ತೋರಿಸುತ್ತದೆ. ಶಾಲೆಯ ಸೀಟಿಗೆ ಆ ವಿದ್ಯೆ ಇರಲಿಲ್ಲ. ಮಕ್ಕಳ ಮನಸ್ಸಿನ ಪ್ರಭಾರವನ್ನು ಮುಖ್ಯೋಪಾಧ್ಯಾಯಿನಿ ಈ ಸರ್‌ಗೇ ವಹಿಸಿದ್ದರು. ಮಕ್ಕಳ ಬ್ಯಾಗು ಸರ್ಕಾರ ಹಾಕಿದ ತೂಕದ ಮಿತಿ ಮೀರದಂತೆ ತೂಗಿ ನೋಡುವ ಪ್ರಭಾರ ಮೊದಲೇ ಇತ್ತು. ಎರಡೂ ಭಾರ ಒಂದೇ ಕೋಣೆಯಲ್ಲಿ.

ಆಟದ ಪೀರಿಯಡ್ಡಿನಲ್ಲಿ ಅವಳು ಬಾಗಿಲಲ್ಲಿ ನಿಂತಳು.

“ಏನಮ್ಮ, ಸ್ಕಿಪ್ಪಿಂಗ್ ಹಗ್ಗ ಬೇಕಾ?”

“ಇಲ್ಲ ಸರ್... ತುಂಬಾ ಭಾರ ಆಗ್ತಿದೆ.”

“ಅಯ್ಯೋ, ಅಷ್ಟೇನಾ? ಕೊಡಿಲ್ಲಿ.” ಸರ್ ಅವಳ ಬೆನ್ನಿಂದ ಬ್ಯಾಗು ಇಳಿಸಿ ಕೊಕ್ಕೆ ತಕ್ಕಡಿಗೆ ನೇತುಹಾಕಿದರು. ಒಂದು ಕಣ್ಣು ಮುಚ್ಚಿ ಮುಳ್ಳು ನೋಡಿದರು. “ಮಿತಿಯೊಳಗೇ ಇದೆಯಲ್ಲಮ್ಮ! ನಿಮ್ಮ ವಯಸ್ಸಲ್ಲಿ ನಾವು ಹೆಗಲ ಮೇಲೆ ಕಲ್ಲು ಹೊತ್ಕೊಂಡು ಓಡ್ತಿದ್ವಿ. ಹೋಗು, ಹೋಗು.”

ಅವಳು ಥ್ಯಾಂಕ್ಸ್ ಸರ್ ಅಂದಳು. ಯಾಕೆ ಅಂದಳೋ. ಅಭ್ಯಾಸ.

ಮುಂದಿನ ವಾರ ಪುಸ್ತಕಗಳನ್ನೆಲ್ಲ ಡೆಸ್ಕಿನೊಳಗೆ ತುರುಕಿಟ್ಟು ಮತ್ತೆ ಬಂದಳು.

“ಇನ್ನೂ ಭಾರ ಸರ್.”

“ಎಂಥಾ ಹುಡುಗಿಯಮ್ಮ ನೀನು!” ಎಂದು ಸರ್ ಬ್ಯಾಗಿಗೆ ಕೈ ಹಾಕಿದರು. ಎತ್ತಿದ ರಭಸಕ್ಕೆ ಅವರ ಕೈಯೇ ಮೇಲೆ ಹಾರಿತು. ಕೊಕ್ಕೆಗೆ ಹಾಕಿದರೆ ಮುಳ್ಳು ಅಲುಗಿದ ಹಾಗೆ ಮಾಡಿ ಸುಮ್ಮನಾಯಿತು. ತಕ್ಕಡಿಗೆ ಎರಡು ಏಟು ಕೊಟ್ಟರು. ಆಮೇಲೆ ಮೂಲೆಯಲ್ಲಿದ್ದ ಗುಂಡು ಎಸೆತದ ಕಬ್ಬಿಣದ ಗುಂಡನ್ನು ಬಲೆಯ ತುಂಡಿಗೆ ಕಟ್ಟಿ ತೂಗಿದರು. ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತಿತು.

“ತಕ್ಕಡಿ ಸರಿಯಾಗೇ ಇದೆಯಲ್ಲಮ್ಮ.”

“ಹೌದು ಸರ್.”

ಸರ್ ಖಾಲಿ ಬ್ಯಾಗು ನೋಡಿದರು. ಅವಳನ್ನು ನೋಡಿದರು. ಸೀಟಿಯನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ. ಅಷ್ಟರಲ್ಲಿ ಹೊರಗಿಂದ, “ಸರ್, ಬಾಲ್! ಸರ್, ಟೈಮಾಯ್ತು!” ಎಂದು ಗಲಾಟೆ. ಗಾಳಿ ಉಳಿದಿದ್ದ ಒಂದೇ ಚೆಂಡನ್ನು ಬಾಗಿಲಾಚೆ ಎಸೆದು, “ಸೀಟಿ ಇಲ್ದೇ ಆಡ್ಕೊಳ್ರೋ ಇವತ್ತು!” ಎಂದು ಕೂಗಿದರು.

ಬಾಗಿಲು ತೆರೆದೇ ಇತ್ತು. ಅವಳನ್ನು ಬೆಂಚಿಗೆ ಕೂರಿಸಿ, ತಾವು ಚಾಪೆಯ ಸುರುಳಿಯ ಮೇಲೆ ಕೂತರು.

“ಹೇಳಮ್ಮ. ಎಲ್ಲಿ ಭಾರ?”

ಎಷ್ಟೋ ಸಲ ಬಸ್ಸಿನಲ್ಲಿ ಒಳಗೊಳಗೇ ಹೇಳಿಕೊಂಡಿದ್ದ ಮಾತು ಈಗ ಒಡೆದು ಒಡೆದು ಬಂತು. “ಎದ್ದೇಳೋಕೇ ಆಗಲ್ಲ ಸರ್. ಊಟ ರುಚಿ ಇಲ್ಲ. ಎಲ್ಲರೂ ನಗ್ತಿರ್ತಾರೆ, ನಂಗೆ ಗಾಜಿನ ಆಚೆ ಇದ್ದ ಹಾಗೆ. ಯಾಕೆ ಅಂತ ಕೇಳ್ಬೇಡಿ ಸರ್, ನಂಗೂ ಗೊತ್ತಿಲ್ಲ.”

“ದಿನಾ ಬೆಳಿಗ್ಗೆ ಗ್ರೌಂಡ್ ನಾಲ್ಕು ಸುತ್ತು...” ಎಂದು ಬಾಯಿಗೆ ಬಂದಿದ್ದನ್ನು ಶುರುಮಾಡಿದ ಸರ್ ಮಧ್ಯದಲ್ಲೇ ನಿಂತರು. “ಅಲ್ಲ. ಇದು ಅದಲ್ಲ. ಇರಮ್ಮ, ಬಂದೆ.”

ಮುಖ್ಯೋಪಾಧ್ಯಾಯಿನಿಯ ಕೋಣೆ ಪಕ್ಕದ್ದೇ. ಮಾತೆಲ್ಲ ಗೋಡೆಯಾಚೆಯಿಂದ ಅವಳಿಗೆ ಕೇಳಿಸಿತು.

“ಮೇಡಂ, ಇದನ್ನ ಓದ್ಕೊಂಡಿರೋರು ಯಾರಾದ್ರೂ ಬೇಕು. ನನ್ನ ಕೈಲಿ ಆಗೋದಲ್ಲ.”

“ಬೋರ್ಡ್ ಹಾಕ್ಸಿದೀವಲ್ಲ ಸರ್?”

“ಬೋರ್ಡಿದೆ ಮೇಡಂ. ಬೋರ್ಡಿಗೆ ಕಿವಿ ಇಲ್ಲ.”

“ಪರೀಕ್ಷೆ ಮುಗೀಲಿ, ನೋಡೋಣ. ಯಾರು ಆ ಹುಡುಗಿ? ಗಲಾಟೆ ಮಾಡ್ತಾಳಾ?”

“ಇಲ್ಲ ಮೇಡಂ. ಅದೇ ಕಷ್ಟ.”

ಸರ್ ವಾಪಸು ಬಂದಾಗ ಮುಖ ಗಾಳಿ ಹೋದ ಚೆಂಡಿನ ಹಾಗಿತ್ತು. “ಸದ್ಯಕ್ಕೆ ಯಾರೂ ಇಲ್ವಂತಮ್ಮ” ಎಂದರು. “ಸಂಜೆ ನಿಮ್ಮಮ್ಮನ ಹತ್ರ ನಾನು ಮಾತಾಡ್ತೀನಿ. ಆಸ್ಪತ್ರೆಯಲ್ಲೂ ವಿಚಾರಿಸ್ತೀನಿ, ಅಲ್ಲಿ ಇರ್ಬಹುದು ಇದನ್ನ ಬಲ್ಲೋರು. ಅಲ್ಲೀವರೆಗೆ ನಾನು. ನಂಗೇನೂ ಗೊತ್ತಿಲ್ಲ, ಆದ್ರೂ ನಾಳೆನೂ ಬಾ. ಬ್ಯಾಗ್ ತರ್ಬೇಡ.”

ಮೈದಾನದಲ್ಲಿ ಯಾವುದು ಫೌಲು ಎಂದು ಹೇಳುವವರಿಲ್ಲದೆ ಹುಡುಗರು ಕಿತ್ತಾಡುತ್ತಿದ್ದರು. ಶಾಲೆ ಬಿಡುವ ಗಂಟೆ ಹೊಡೆಯಿತು. ಎಲ್ಲರೂ ಹೋದ ಮೇಲೆ ಅವಳು ತರಗತಿಗೆ ಹೋಗಿ, ಡೆಸ್ಕಿನೊಳಗಿನ ಪುಸ್ತಕಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿ ಹೆಗಲಿಗೇರಿಸಿದಳು.

ಮಿತಿಯೊಳಗೇ ಇತ್ತು. ಬೆನ್ನಿನದು.